ಎತ್ತಿಸ್ಕೊಳ್ಳೋನು

ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅಂಗಡಿ ಲೆಕ್ಕ ಬರೆಯೋಕೆ ಅಂತ ತಂದಿದ್ದು. ಅದರಲ್ಲಿ ಲೆಕ್ಕ ಇಲ್ಲ, ಬರೀ ಕುಸ್ತಿ ಇದೆ. ಮಂಗಳವಾರ ಬೆಳಗ್ಗೆ ಟಿವಿಯಲ್ಲಿ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ‘ರಾ’ ನೋಡುವುದು, ಒಂದೊಂದು ಪಂದ್ಯಕ್ಕೂ ಐದಕ್ಕೆ ಇಷ್ಟು ಅಂತ ನಕ್ಷತ್ರ ಹಾಕುವುದು, ಕೆಳಗೆ ಎರಡು ಸಾಲು ವಿಮರ್ಶೆ ಗೀಚುವುದು. ಯಾರಿಗೂ ತೋರಿಸುವುದಿಲ್ಲ. ಮೈಸೂರಿನ ಸರಸ್ವತೀಪುರಂನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಮೂವತ್ತೆಂಟು ವರ್ಷದ ಮನುಷ್ಯ ಇದನ್ನು ಯಾರಿಗೆ ಅಂತ ತೋರಿಸುತ್ತಾನೆ? ನನ್ನ ಹೆಂಡತಿ ಅದಕ್ಕೆ ‘ಚಿತ್ರಗುಪ್ತನ ಪುಸ್ತಕ’ ಅಂತ ಹೆಸರಿಟ್ಟಿದ್ದಾಳೆ.

ಈ ಹುಚ್ಚು ಹಿಡಿದಿದ್ದು ಸ್ಕೂಲಲ್ಲಿ, ಈ ಕುಸ್ತಿಯವರ ಟ್ರಂಪ್ ಕಾರ್ಡ್‌ನಿಂದ. ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಫೈಟು, ಗೆದ್ದ ಫೈಟು. ಗಣಿತದ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ, ಅಂಡರ್‌ಟೇಕರ್ ಎತ್ತರ ಎಷ್ಟು ಅಂದರೆ ನಿದ್ದೆಯಲ್ಲೂ ಹೇಳುತ್ತಿದ್ದೆವು. ಆಮೇಲೆ 2002ರಲ್ಲಿ ಟೆನ್ ಸ್ಪೋರ್ಟ್ಸ್ ಬಂತು. ಕೇಬಲ್‌ನವನು ಆ ಚಾನೆಲ್ ಕೊಡುವವರೆಗೂ ಅವನ ಮನೆಗೆ ಅಲೆದಿದ್ದೇ ಅಲೆದಿದ್ದು.

ರಾ ಅಂದರೆ ಅಮೆರಿಕದಲ್ಲಿ ಸೋಮವಾರ ರಾತ್ರಿ. ಶುರುವಾಗಿದ್ದು 1993ರ ಜನವರಿ 11ಕ್ಕೆ. ಅಲ್ಲಿ ಸೋಮವಾರ ರಾತ್ರಿ ಎಂಟು ಗಂಟೆ ಆಗುವ ಹೊತ್ತಿಗೆ ನಮಗೆ ಮಂಗಳವಾರದ ಬೆಳಗು ಹರಿದಿರುತ್ತದೆ. ಚಳಿಗಾಲದಲ್ಲಿ ಆರೂವರೆ, ಬೇಸಿಗೆಯಲ್ಲಿ ಐದೂವರೆ. ಹಾಲಿನವನು, ಪೇಪರಿನವನು, ಆಮೇಲೆ ರಾ. ಅಂಗಡಿ ಬಾಗಿಲು ತೆಗೆಯುವುದು ಹತ್ತಕ್ಕೆ. ಹಾಗಾಗಿ ನನಗೆ ಸರಿಹೋಗುತ್ತದೆ.

ನಾನು ಹೇಳಹೊರಟಿದ್ದು 2025ರ ಜನವರಿ 7ರ ಮಂಗಳವಾರದ ಕಥೆ. ರಾ ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋದ ಮೊದಲ ದಿನ ಅದು. ನಮ್ಮಲ್ಲಿ ಮಾರ್ಚ್ ಕೊನೆಯವರೆಗೆ ಸೋನಿಯಲ್ಲೇ ಬರುತ್ತಿತ್ತು. ದೊಡ್ಡ ದಿನ ಅಂತ ಹಿಂದಿನ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು, ಪಂದ್ಯಗಳ ಹೆಸರು ಬರೆದು ಇಟ್ಟುಕೊಂಡಿದ್ದೆ.

ಆರೂಕಾಲಿಗೆ ಬಾಗಿಲು ಬಡಿದ ಸದ್ದು. ದೊಡ್ಡಪ್ಪ.

ಧನುರ್ಮಾಸ ನಡೆಯುತ್ತಿತ್ತು. ಆ ತಿಂಗಳು ಪೂರ್ತಿ ದೊಡ್ಡಪ್ಪ ಕತ್ತಲಲ್ಲೇ ಎದ್ದು, ತಣ್ಣೀರು ಸ್ನಾನ ಮಾಡಿ, ದೇವಸ್ಥಾನಕ್ಕೆ ಹೋಗಿ, ಬರುವಾಗ ದೊನ್ನೆಯಲ್ಲಿ ಹುಗ್ಗಿ ತಂದು ನಮ್ಮನೆಗೆ ಕೊಟ್ಟು ಹೋಗುತ್ತಾರೆ. ಕೆ.ಜಿ. ಕೊಪ್ಪಲಿನಲ್ಲಿ ನಮ್ಮಿಂದ ಎರಡು ರಸ್ತೆ ಆಚೆ ಅವರ ಮನೆ. ಸಾಮಾನ್ಯವಾಗಿ ಬಾಗಿಲಲ್ಲೇ ದೊನ್ನೆ ಕೊಟ್ಟು ತಿರುಗುತ್ತಾರೆ. ಅವತ್ತು ಚಳಿ ಜಾಸ್ತಿ ಇತ್ತು. ನನ್ನ ಹೆಂಡತಿ “ಕಾಫಿ ಕುಡ್ಕೊಂಡು ಹೋಗಿ ಮಾವ” ಅಂದಳು. ಬಂದು ಸೋಫಾ ಮೇಲೆ ಕೂತರು. ಟಿವಿ ಆಗಲೇ ಹಾಕಿತ್ತು.

ನನಗೆ ಒಂಥರಾ ಸಂಕಟ. ಯಾಕಂದರೆ ದೊಡ್ಡಪ್ಪ ನಿಜವಾದ ಪೈಲ್ವಾನ್. ಎಪ್ಪತ್ತನಾಲ್ಕು ವರ್ಷ. ಪಡುವಾರಹಳ್ಳಿಯಲ್ಲಿ ಬೆಳೆದವರು, ಅಲ್ಲಿ ಆಗ ಮನೆಗೊಬ್ಬ ಗರಡಿಗೆ ಹೋಗುತ್ತಿದ್ದ. ಮೂವತ್ತು ದಾಟುವವರೆಗೂ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಖಾಡಕ್ಕೆ, ಇಳಿದಿದ್ದಾರೆ. ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿ ಆಡಿದ್ದಾರೆ. ಎರಡು ಕಿವಿಯೂ ಉಜ್ಜಿ ಉಜ್ಜಿ ಮುದುಡಿ, ಒಣಗಿದ ಅಣಬೆಯ ಹಾಗಿವೆ. ನಾವು ಮಕ್ಕಳಿದ್ದಾಗ ಆ ಕಿವಿ ಮುಟ್ಟೋಕೆ ಜಗಳ ಆಡುತ್ತಿದ್ದೆವು. ಅಂಥವರ ಮುಂದೆ ಚುಕ್ಕಿ ಚುಕ್ಕಿ ಚಡ್ಡಿ ಹಾಕಿಕೊಂಡವರ ಕುಸ್ತಿ ನೋಡೋದಾ? ಅವರು ಇದನ್ನು ಕರೆಯುವುದೇ ‘ಬಣ್ಣದ ಕುಸ್ತಿ’ ಅಂತ. ರಿಮೋಟಿಗೆ ಕೈ ಹಾಕಿದೆ.

“ಇರ್ಲಿ ಬಿಡ್ಲಾ. ಕಾಫಿ ಆಗೋವರ್ಗೂ ನೋಡಣ.”

ಕಾಫಿ ಆಯ್ತು. ಇನ್ನೊಂದು ಸಲ ಆಯ್ತು. ಒಂಬತ್ತೂವರೆ ದಾಟಿದರೂ ದೊಡ್ಡಪ್ಪ ಎದ್ದಿರಲಿಲ್ಲ.

ಮೊದಲು ರಾಕ್ ಅನ್ನೋ ಹಳೆ ತಾರೆ ಬಂದು ಮಾತಾಡಿದ. ದೊಡ್ಡಪ್ಪನಿಗೆ ಅದು ರುಚಿಸಲಿಲ್ಲ. “ಮೈಕು ಕೆಳಗಿಟ್ಟು ಕೆಲ್ಸ ನೋಡಪ್ಪ” ಅಂದರು. ಆಮೇಲೆ ರೋಮನ್ ರೇನ್ಸ್ ಮತ್ತು ಸೋಲೋ ಸಿಕೋವಾ. ಇಬ್ಬರೂ ಒಂದೇ ಸಮೋವನ್ ಮನೆತನದವರು, ಕುಲದ ಯಜಮಾನಿಕೆಗೆ ಹೊಡೆದಾಟ, ಗೆದ್ದವನಿಗೆ ‘ಉಲಾ ಫಾಲಾ’ ಅನ್ನೋ ಕೆಂಪು ಹಾರ ಅಂತ ವಿವರಿಸಿದೆ.

“ದಾಯಾದಿ ಜಗಳ ಅನ್ನು.”

“ಹೂಂ ದೊಡ್ಡಪ್ಪ.”

“ಹಾರ ಏನು, ಹವಳದ್ದಾ?”

ಅಲ್ಲ, ನಮ್ಮ ಕೇದಗೆ ಜಾತಿಯದೇ ಒಂದು ಗಿಡದ ಹಣ್ಣಿನದು, ಅದಕ್ಕೆ ಕೆಂಪು ಬಣ್ಣ ಹಚ್ಚಿ ಪೋಣಿಸುತ್ತಾರೆ, ಅವರ ಕಡೆ ಕುಲದ ಹಿರಿಯರು ಹಾಕಿಕೊಳ್ಳುವುದು ಅಂದೆ. ತಲೆ ಆಡಿಸಿದರು. ನಮ್ಮ ಕಡೆ ಗದೆ ಇದ್ದ ಹಾಗೆ ಅಂತ ಅವರೇ ಸಮಾಧಾನ ಮಾಡಿಕೊಂಡರು.

ಆ ಪಂದ್ಯಕ್ಕೆ ನಾನು ಎರಡೂವರೆ ನಕ್ಷತ್ರ ಕೊಟ್ಟೆ. ನಿಯಮವೇ ಇಲ್ಲದ ಪಂದ್ಯ, ಸರಿ. ಆದರೆ ಅದೇ ನೆಪದಲ್ಲಿ ಈ ಕಡೆಯವರು ಇಬ್ಬರು, ಆ ಕಡೆಯವರು ಇಬ್ಬರು, ಸಂಬಂಧವೇ ಇಲ್ಲದ ಕೆವಿನ್ ಓವೆನ್ಸ್, ಅವನ ಹಿಂದೆ ಕೋಡಿ ರೋಡ್ಸ್, ಎಲ್ಲರೂ ಓಡಿ ಬಂದರೆ ಅದು ಕುಸ್ತಿ ಅಲ್ಲ, ಬಸ್‌ಸ್ಟ್ಯಾಂಡು. ಕೊನೆಗೆ ರೇನ್ಸ್ ಗೆದ್ದ, ರಾಕ್ ಬಂದು ಹಾರ ಹಾಕಿದ. ಕಥೆಗೆ ಬೇಕಾದ ಮುಕ್ತಾಯ ಸಿಕ್ಕಿತು, ಕುಸ್ತಿ ಸಿಗಲಿಲ್ಲ ಅಂತ ಬರೆದೆ.

ದೊಡ್ಡಪ್ಪ ಮಾತ್ರ ಬೇರೆ ಏನೋ ನೋಡುತ್ತಿದ್ದರು. ಪಂದ್ಯ ಶುರುವಾಗಿ ಐದು ನಿಮಿಷ ಆಗಿರಬೇಕು, ಆಗಲೇ ಮುಂದಕ್ಕೆ ಬಾಗಿ ಕೂತಿದ್ದರು.

“ನೋಡ್ಲಾ, ಎತ್ತಿಸ್ಕೊಳ್ತಾವ್ನೆ.”

“ಏನು?”

“ಅವನು ಎತ್ತುತ್ತಾ ಇಲ್ಲ. ಇವನು ಎತ್ತಿಸ್ಕೊಳ್ತಾವ್ನೆ. ಹಿಡಿದ ತಕ್ಷಣ ಒಂದು ಸಣ್ಣ ಎಗರು ಹಾಕ್ತಾನೆ ನೋಡು. ಕಾಲು ನೋಡು, ಮುಖ ನೋಡಬ್ಯಾಡ.”

ಕಾಲು ನೋಡಿದೆ. ಇಪ್ಪತ್ತೈದು ವರ್ಷದಿಂದ ಕುಸ್ತಿ ನೋಡುತ್ತಿದ್ದೇನೆ. ಇದು ಮೊದಲೇ ಕೂಡಿಕೊಂಡು ಆಡುವ ಆಟ ಅಂತ ಗೊತ್ತು. 1989ರಲ್ಲೇ ಕಂಪನಿಯವರು ನ್ಯೂಜೆರ್ಸಿ ಸರ್ಕಾರದ ಮುಂದೆ ಇದು ಮನರಂಜನೆ ಅಂತ ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆ. ಕ್ರೀಡೆ ಅಂದರೆ ಕ್ರೀಡಾ ಆಯೋಗದ ಕಟ್ಟುಪಾಡು, ಅದಕ್ಕೆ. ರೆಫರಿ ಕಿವಿಯಲ್ಲಿ ಒಂದು ಸಣ್ಣ ಯಂತ್ರ ಇರುತ್ತದೆ, ಒಳಗಿನವರು ಹೇಳಿದ್ದನ್ನು ಅವನು ಬಗ್ಗಿ ಆಟಗಾರರಿಗೆ ದಾಟಿಸುತ್ತಾನೆ ಅನ್ನೋದೂ ಗೊತ್ತು. ಆದರೂ ನಾನು ಯಾವಾಗಲೂ ಎತ್ತುವವನನ್ನೇ ನೋಡಿದ್ದು. ನಕ್ಷತ್ರ ಕೊಟ್ಟಿದ್ದೂ ಅವನಿಗೇ. ಅವತ್ತು ದೊಡ್ಡಪ್ಪ ಹೇಳಿದ ಮೇಲೆ ಕಾಣಿಸಿತು. ಹಿಡಿತ ಕೂತ ಗಳಿಗೆಯಲ್ಲೇ ಕೆಳಗಿನವನ ಹಿಮ್ಮಡಿ ಒಂಚೂರು ಮೇಲೇಳುತ್ತದೆ. ಮೊಣಕಾಲು ಮಡಚಿ ಸ್ಪ್ರಿಂಗಿನ ಹಾಗೆ ಬಿಡುತ್ತದೆ. ಅಷ್ಟೇ. ಆ ಒಂದು ಗೇಣು ಎಗರು ಇಲ್ಲದಿದ್ದರೆ ನೂರಿಪ್ಪತ್ತು ಕೆಜಿ ಆಳು ಮೇಲೆ ಹೋಗುವುದಿಲ್ಲ.

ಬೀಳುವುದನ್ನೂ ಅವರೇ ತೋರಿಸಿದರು. “ಗದ್ದ ಎದೆಗೆ ಒತ್ಕೊಂಡವ್ನೆ. ಇಲ್ಲಾಂದ್ರೆ ತಲೆ ಹಿಂದಕ್ಕೆ ಬಡಿತದೆ. ಕೈ ಎರಡೂ ಅಗಲಿಸಿ ಹೊಡೀತಾನೆ, ಏಟು ಹಂಚ್ಕೊಳಕೆ. ಯಾರೋ ಚೆನ್ನಾಗಿ ಕಲಿಸವ್ರೆ.” ಕೆಳಗೆ ಹಲಗೆ, ಮೇಲೆ ತೆಳ್ಳಗೆ ಹಾಸು, ಅದರ ಮೇಲೆ ಕ್ಯಾನ್ವಾಸ್ ಬಟ್ಟೆ ಅಂದೆ. ಅವರು ತಮ್ಮ ಬೆನ್ನು ಒಂದು ಸಲ ಸೋಫಾಗೆ ಒರೆಸಿಕೊಂಡರು. “ನಮಗೆ ಮಟ್ಟಿ ಇತ್ತು ಕಣ್ಲಾ. ಅರಿಸಿನ, ಎಣ್ಣೆ, ಮಜ್ಜಿಗೆ ಎಲ್ಲಾ ಹಾಕಿ ಹದ ಮಾಡಿದ್ದ ಮಣ್ಣು. ಹಲಗೆ ಮೇಲೆ ಬೀಳ್ತಾವೆ ಅಂದ್ರೆ ಇವು ಮನುಷ್ಯರಲ್ಲ.”

ಬಣ್ಣದ ಕುಸ್ತಿಯವರ ಬಗ್ಗೆ ಅವರ ಬಾಯಿಂದ ಬಂದ ಮೊದಲ ಒಳ್ಳೆ ಮಾತು ಅದು.

ನಡುವಿನದ್ದು ಬೇಗ ಹೇಳಿ ಮುಗಿಸುತ್ತೇನೆ. ರಿಯಾ ರಿಪ್ಲಿ ಲಿವ್ ಮಾರ್ಗನ್‌ನಿಂದ ಬೆಲ್ಟ್ ಕಿತ್ತುಕೊಂಡಳು. ರಿಪ್ಲಿಯನ್ನು ಬಿಟ್ಟು ಮಾರ್ಗನ್ ಕಡೆಗೆ ಜಾರಿಹೋಗಿದ್ದ ಡೊಮಿನಿಕ್ ಹಲ್ಲು ಕಿಸಿದುಕೊಂಡು ವಾಪಸ್ ಅಪ್ಪಿಕೊಳ್ಳೋಕೆ ಬಂದ. ರಿಪ್ಲಿ ಕೊಡಬಾರದ ಜಾಗಕ್ಕೆ ಕೊಟ್ಟಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ಅಂಡರ್‌ಟೇಕರ್ ಬೈಕಿನಲ್ಲಿ ಬಂದಾಗ ನಾನು ಏಳನೇ ಕ್ಲಾಸಿನ ಹುಡುಗನಾಗಿ ಕಿರುಚಿದೆ. ದೊಡ್ಡಪ್ಪ ನನ್ನನ್ನು ನೋಡಿದ ನೋಟ ಇಲ್ಲಿ ಬೇಡ. ಜೇ ಊಸೋ ಡ್ರೂ ಮ್ಯಾಕಿಂಟೈರ್‌ನನ್ನು ಸೋಲಿಸಿದ. ಅವನು ಒಳಗೆ ಬರುವ ಸಂಭ್ರಮಕ್ಕೆ ನಾಲ್ಕು ನಕ್ಷತ್ರ, ಕುಸ್ತಿಗೆ ಎರಡೂವರೆ. ಹಲ್ಕ್ ಹೋಗನ್ ಬಂದಾಗ ಲಾಸ್ ಏಂಜಲಿಸ್ ಜನ ಊ ಅಂತ ಕೂಗಿ ಕಳಿಸಿದರು. “ಇಷ್ಟು ವಯಸ್ಸಾದ ಮೇಲೆ ಅಖಾಡಕ್ಕೆ ಯಾಕೆ ಬರಬೇಕು” ಅಂದರು ದೊಡ್ಡಪ್ಪ. ಆಗ ಅವನಿಗೂ ಇವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಕೊನೆಗೆ ಸಿಎಂ ಪಂಕ್, ಸೆತ್ ರಾಲಿನ್ಸ್. ನಾನು ಕಾಯುತ್ತಿದ್ದಿದ್ದು ಇದಕ್ಕೇ. ರಾಲಿನ್ಸ್ ಮಿರಮಿರ ಮಿಂಚುವ ಬಟ್ಟೆ ತೊಟ್ಟು ಬಂದ, ಇಡೀ ಸ್ಟೇಡಿಯಂ ಅವನ ಹಾಡು ಹಾಡಿತು. ಈ ಪಂದ್ಯದಲ್ಲಿ ದೊಡ್ಡಪ್ಪ ಮಾತು ನಿಲ್ಲಿಸಿಬಿಟ್ಟರು. ಬೆರಳು ಮಾತ್ರ ಆಡುತ್ತಿತ್ತು, ತೊಡೆಯ ಮೇಲೆ ಏನೋ ಹಿಡಿದು ಬಿಟ್ಟ ಹಾಗೆ. ಪಂಕ್‌ನ ಕೊನೆಯ ಪಟ್ಟು ಜಿಟಿಎಸ್, ಅಂದರೆ ‘ಗೋ ಟು ಸ್ಲೀಪ್’. ಎದುರಾಳಿಯನ್ನು ಅಡ್ಡಡ್ಡ ಹೆಗಲ ಮೇಲೆ ಹೊತ್ತುಕೊಂಡು, ಕೆಳಗೆ ಬಿಡುತ್ತಾ ಮುಖಕ್ಕೆ ಮೊಣಕಾಲು ಕೊಡುವುದು. ಅವನು ಹೊತ್ತ ಕೂಡಲೇ ದೊಡ್ಡಪ್ಪ ಎದ್ದು ನಿಂತರು.

“ಕಲಾಜಂಗ್! ಇದು ನಮ್ಮ ಕಲಾಜಂಗ್ ಕಣ್ಲಾ! ಹೆಗಲಿಗೆ ಬಂದ್ಮೇಲೆ ಇನ್ನೇನಕ್ಕೆ ಮೊಣಕಾಲು? ಹಂಗೇ ಮಗ್ಗುಲಿಗೆ ಉರುಳಿಸಿದ್ರೆ ಚಿತ್ ಆಗೋಯ್ತು!”

ಅಷ್ಟರಲ್ಲಿ ಮೊಣಕಾಲು ಬಿತ್ತು, ಒಂದು ಎರಡು ಮೂರು ಎಣಿಸಿದರು, ಪಂಕ್ ಗೆದ್ದ. ನಾನು ನಾಲ್ಕು ನಕ್ಷತ್ರ ಹಾಕಿದೆ.

“ಯಾರಿಗೆ?” ಅಂದರು.

“ಪಂದ್ಯಕ್ಕೆ ದೊಡ್ಡಪ್ಪ.”

“ಬಿದ್ದೋನಿಗೆ ಎಷ್ಟು?”

ಹಾಗೆ ಬೇರೆ ಬೇರೆ ಹಾಕಲ್ಲ ಅಂದೆ. ಸುಮ್ಮನಾದರು. ಹುಗ್ಗಿ ತಣ್ಣಗಾಗಿತ್ತು. ಇಬ್ಬರೂ ಅದೇ ದೊನ್ನೆಯಲ್ಲಿ ಕೈ ಹಾಕಿ ತಿನ್ನುವಾಗ, ಮೆಣಸು ಎತ್ತಿ ಬದಿಗಿಡುತ್ತಾ, ಟಿವಿ ಕಡೆ ನೋಡಿಕೊಂಡೇ ಅವರು ಆ ವಿಷಯ ಹೇಳಿದರು.

ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಒಂದಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮಂಡ್ಯ ಕಡೆಯ ಒಂದೂರಿನ ಹಬ್ಬದಲ್ಲಿ ದೊಡ್ಡಪ್ಪ ಕುಸ್ತಿಗೆ ಹೋಗಿದ್ದು, ಹಿಂದಿನ ದಿನ ಮಳೆ ಬಂದು ಮಟ್ಟಿ ಒದ್ದೆ ಆಗಿದ್ದು, ಕಾಲು ಜಾರಿ ತಮಗಿಂತ ಸಣ್ಣ ಪೈಲ್ವಾನನಿಗೆ ಚಿತ್ ಆಗಿದ್ದು. ನಮ್ಮಪ್ಪ ಸಾಯುವವರೆಗೂ ಆ ಮಳೆಯನ್ನು ಬೈಯುತ್ತಿದ್ದರು.

“ಮಳೆನೂ ಇಲ್ಲ, ಗಿಳೆನೂ ಇಲ್ಲ” ಅಂದರು ದೊಡ್ಡಪ್ಪ. “ಹಿಂದಿನ ರಾತ್ರಿ ಊಟಕ್ಕೆ ಕೂತಿದ್ದೆ. ಆ ಹುಡುಗ ಬಂದು ಪಕ್ಕದ ಎಲೆಗೆ ಕೂತ. ಅಣ್ಣ, ಹೆಣ್ಣು ಕೊಡೋ ಮಾವ ನಾಳೆ ನೋಡಕ್ಕೆ ಬತ್ತಾವ್ನೆ ಅಂದ. ಅಷ್ಟೇ. ಇನ್ನೇನೂ ಕೇಳ್ಲಿಲ್ಲ. ಮುದ್ದೆ ಮುರ್ಕಂಡು ತಿಂತಾ ಕೂತಿದ್ದ.”

ಇಪ್ಪತ್ತು ನಿಮಿಷ ಆಡಿದರಂತೆ. ಗೆಲ್ಲಬೇಕಾಗಿದ್ದರೆ ಐದು ನಿಮಿಷದ ಕೆಲಸ. ಜನಕ್ಕೆ ಗೊತ್ತಾಗದ ಹಾಗೆ ಸೋಲಬೇಕಲ್ಲ. ಆ ಹುಡುಗನಿಗೆ ಎತ್ತುವ ಕಸುವಿಲ್ಲ. ಅವನು ಹಿಡಿದಾಗಲೆಲ್ಲ ಇವರೇ ಎಗರಬೇಕು, ಎಗರಿದ್ದು ಕಾಣಬಾರದು. ಎರಡು ಸಲ ಆಗಲಿಲ್ಲವಂತೆ. ಮೂರನೇ ಸಲ ಆಯ್ತು. ಸಿಳ್ಳೆ, ತಮಟೆ, ಅವನನ್ನು ಹೊತ್ತುಕೊಂಡು ಕುಣಿದರು. ಮಾವ ಬಂದು ರುಮಾಲು ಸುತ್ತಿದ.

“ಯಾರಿಗೂ ಗೊತ್ತಾಗ್ಲಿಲ್ವಾ?”

“ವಸ್ತಾದರಿಗೆ ಗೊತ್ತಾಯ್ತು.”

ವಾಪಸ್ ಬಂದ ಮೇಲೆ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ತಿರುಗಿ ನಿಂತ್ಕೋ ಅಂದರಂತೆ. ಅಂಗಿ ಬಿಚ್ಚಿಸಿದರು. ಅವಸರದಲ್ಲಿ ಸ್ನಾನ ಮಾಡಿರಲಿಲ್ಲ, ಮಣ್ಣು ಬೆನ್ನಿನ ಮೇಲೇ ಒಣಗಿತ್ತು. ಮನಸ್ಸಿಲ್ಲದೆ ಚಿತ್ ಆದವನ ಒಂದು ಭುಜ ಮೊದಲು ನೆಲಕ್ಕೆ ಹೋಗುತ್ತದೆ, ಇನ್ನೊಂದು ಒದ್ದಾಡಿ, ತರಚಿಕೊಂಡು ಹೋಗುತ್ತದೆ. ದೊಡ್ಡಪ್ಪನ ಎರಡು ಭುಜದ ಮೇಲೂ ಅಚ್ಚು ಒತ್ತಿದ ಹಾಗೆ ಸಮವಾಗಿ ಮಣ್ಣು. ಒಂದು ಗೀರಿಲ್ಲ. ವಸ್ತಾದರು ಒಂದು ಮಾತು ಆಡಲಿಲ್ಲವಂತೆ. ಐನೂರು ಬೈಠಕ್ ಹೊಡಿ ಅಂದರು. ಹೊಡೆದು ಮುಗಿಸಿದ ಮೇಲೆ ಇನ್ನೂ ಐನೂರು ಅಂದರು.

“ಅದಕ್ಕೇ ಹೋಗಿದ್ದಾ ನಿಮ್ಮ ಮೊಣಕಾಲು?” ಅಂತ ಕೇಳಿದೆ.

“ಅದು ಬೇರೆ” ಅಂದು ಎದ್ದರು. ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆ ತಿರುಗಿ, “ನಿಮ್ಮತ್ತೆಗೆ ಹೇಳಬ್ಯಾಡ. ಅವಳು ಮಳೆ ಅಂದ್ಕೊಂಡವ್ಳೆ” ಅಂದರು. ಅತ್ತೆ, ಅಂದರೆ ಅವರ ತಂಗಿಗೆ ಈಗ ಎಪ್ಪತ್ತು. ಹೆಂಡತಿಗೂ ಹೇಳಿರಲಿಲ್ಲವಂತೆ, ದೊಡ್ಡಮ್ಮ ತೀರಿಕೊಂಡು ಒಂಬತ್ತು ವರ್ಷ ಆಯ್ತು.

ಅವತ್ತು ಅಂಗಡಿ ತೆಗೆದಿದ್ದು ಹತ್ತೂಮುಕ್ಕಾಲಿಗೆ. ಗಿರಾಕಿ ಇಲ್ಲದ ಹೊತ್ತಲ್ಲಿ ನೋಟ್‌ಬುಕ್ ತೆಗೆದು ರಾಲಿನ್ಸ್ ಹೆಸರಿನ ಮುಂದೆ ನಾಲ್ಕೂವರೆ ಅಂತ ಬರೆದೆ. ಪಂಕ್‌ಗೆ ಮೂರೂಮುಕ್ಕಾಲು. ಹಳೆ ಪುಟಗಳನ್ನೂ ತಿರುವಿದೆ, ಸೋತವರ ಹೆಸರು ಹುಡುಕುತ್ತಾ. ಎಷ್ಟೋ ಕಡೆ ನಾನು ಹೆಸರೇ ಬರೆದಿರಲಿಲ್ಲ, ‘ಎದುರಾಳಿ’ ಅಂತ ಇತ್ತು ಅಷ್ಟೇ.

ಮುಂದಿನ ಮಂಗಳವಾರ 14ನೇ ತಾರೀಖು, ಸಂಕ್ರಾಂತಿ. ಹಬ್ಬದ ದಿನ ಬೆಳಗ್ಗೆ ಟಿವಿ ಹಾಕಿದರೆ ನೋಡ್ಕೋತೀನಿ ಅಂತ ಹೆಂಡತಿ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು. ಎಳ್ಳು, ಬೆಲ್ಲ, ಕೊಬ್ಬರಿ ಹೆಚ್ಚಿದ್ದನ್ನು ಸೋಫಾ ತುಂಬ ಹರಡಿದ್ದಳು. ಆರೂಕಾಲಿಗೆ ಬಾಗಿಲು ಸದ್ದಾಯಿತು. ದೊಡ್ಡಪ್ಪ ಹೆಗಲ ಮೇಲೆ ಎರಡು ಜಲ್ಲೆ ಕಬ್ಬು ಹೊತ್ತುಕೊಂಡು ನಿಂತಿದ್ದರು. ಒಳಗೆ ಇಣುಕಿ, ಹೆಂಡತಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದರು:

“ಆ ಮಿಂಚೋ ಬಟ್ಟೆಯೋನು ಇವತ್ತು ಬತ್ತಾನೇನ್ಲಾ?”