ಬಸ್ರಾದ ಜೊಂಡುಹಕ್ಕಿ

ಬಸ್ರಾ ರೀಡ್ ವಾರ್ಬ್ಲರ್ ಅನ್ನೋ ಪುಟ್ಟ ಹಕ್ಕಿಯ ಬಗ್ಗೆ ಓದುತ್ತಿದ್ದೇನೆ. ಮಾಸಲು ಕಂದು ಬೆನ್ನು, ಬಿಳಿ ಹೊಟ್ಟೆ, ಉದ್ದನೆಯ ಚೂಪು ಕೊಕ್ಕು, ಕಣ್ಣಿನ ಮೇಲೊಂದು ಬಿಳಿ ಹುಬ್ಬು. ಅಷ್ಟೇ. ಇದರ ತವರು ಮುಖ್ಯವಾಗಿ ಇರಾಕ್. ಮರುಭೂಮಿಯ ಪಕ್ಕದಲ್ಲೇ ಟೈಗ್ರಿಸ್, ಯೂಫ್ರಟಿಸ್ ನದಿಗಳು ಹರಡಿಕೊಂಡು ಆದ ಜೌಗು. ಅಲ್ಲಿನ ಜೊಂಡಿನಲ್ಲೇ ಇದು ಗೂಡು ಕಟ್ಟುವುದು.

1991ರಲ್ಲಿ ತನ್ನ ವಿರುದ್ಧ ಎದ್ದ ದಂಗೆಯ ನಂತರ ಇರಾಕಿನ ಸದ್ದಾಂ ಹುಸೇನ್ ಸರ್ಕಾರ ಅಲ್ಲಿನ ಜನರನ್ನು ಹಣಿಯಲು ಒಡ್ಡು ಹಾಕಿ, ಕಾಲುವೆ ತೋಡಿ ಆ ನೀರನ್ನೇ ತಿರುಗಿಸಿತು. ಸುಮಾರು ಹತ್ತು ವರ್ಷದಲ್ಲಿ ಜೌಗಿನ ಹೆಚ್ಚುಕಮ್ಮಿ 90% ಒಣಗಿತು. ಎಮ್ಮೆ ಸಾಕಿಕೊಂಡು, ಜೊಂಡಿನಲ್ಲೇ ಮನೆ ಕಟ್ಟಿಕೊಂಡಿದ್ದ ಜನ ಗುಳೆ ಹೋದರು. ಹಕ್ಕಿ ಎಲ್ಲಿಗೆ ಹೋಗಬೇಕು, ಹೇಳಿ? 2003ರಲ್ಲಿ ಸದ್ದಾಂ ಸರ್ಕಾರ ಉರುಳಿದ ಮೇಲೆ ಜನರೇ ಒಡ್ಡು ಒಡೆದರು. ನೀರು ಬಂತು, ಜೊಂಡು ಚಿಗುರಿತು, ಹಕ್ಕಿಗೆ ಮತ್ತೆ ಜಾಗ ಸಿಕ್ಕಿತು. ಅದನ್ನು ಓದಿ ನಿಜಕ್ಕೂ ಕಣ್ಣು ತುಂಬಿತು.

ಚಳಿಗಾಲಕ್ಕೆ ಇವು ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ. ಕೀನ್ಯಾದ ತ್ಸಾವೋ ಕಾಡಿನ ನ್ಗುಲಿಯಾದಲ್ಲಿ, ಮಂಜು ಮುಸುಕಿದ ರಾತ್ರಿ ದೀಪದ ಬೆಳಕಿಗೆ ಇಳಿಯುವ ವಲಸೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಗುರುತಿಗೆ ಕಾಲಿಗೊಂದು ಉಂಗುರ ತೊಡಿಸಿ ಹಾರಲು ಬಿಡುತ್ತಾರೆ. ಅವುಗಳ ನಡುವೆ ಇದೂ ಸಿಗುತ್ತದೆ. ಇದರ ದಾಯಾದಿ ಬ್ಲೈತ್ಸ್ ರೀಡ್ ವಾರ್ಬ್ಲರ್ ಚಳಿಗಾಲದಲ್ಲಿ ನಮ್ಮ ಬೇಲಿಸಾಲಿನ ಪೊದೆಗಳಲ್ಲಿ ಟಕ್ ಟಕ್ ಅನ್ನುತ್ತಿರುತ್ತದೆ. ಪ್ರತಿ ವರ್ಷ ಬಂದೇ ಬರುತ್ತೆ ಅಂತ ನಾವು ಸುಮ್ನೆ ಇದ್ದುಬಿಡುತ್ತೇವೆ, ಅಲ್ವಾ?

ಬಸ್ರಾದ ಹಕ್ಕಿಯ ಹೆಸರು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿದೆ. ಜೌಗು 2016ರಲ್ಲಿ ವಿಶ್ವ ಪರಂಪರೆಯ ತಾಣವೇನೋ ಆಯಿತು. ಆದರೆ ಟರ್ಕಿ, ಇರಾನ್ ಕಡೆಯ ಅಣೆಕಟ್ಟುಗಳಿಂದಾಗಿ ನೀರು ಕಮ್ಮಿ, ಮೇಲಿಂದ ಬರ ಬೇರೆ. ಜೊಂಡು ಮತ್ತೆ ಒಣಗುತ್ತಿದೆ.