ಮುನ್ನೂರು ಫೋಟೋ, ಒಂದು ಪುನುಗು ಬೆಕ್ಕು

ಸಕಲೇಶಪುರದ ತೋಟದ ಕೆರೆ ಹತ್ತಿರ ಕಟ್ಟಿದ್ದ ಕ್ಯಾಮೆರಾ ಇವತ್ತು ಬಿಚ್ಚಿ ತಂದೆ. ಬಿಸಿ ಮೈಯ ಪ್ರಾಣಿ ಎದುರಿಗೆ ಅಲ್ಲಾಡಿದರೆ ತಾನೇ ಫೋಟೋ ತೆಗೆಯುವಂಥದ್ದು. 300 ಫೋಟೋ! ನೋಡಿದರೆ ಬರೀ ಹುಲ್ಲು. ತಪ್ಪು ನನ್ನದೇ. ಪೂರ್ವಕ್ಕೆ ಮುಖ ಮಾಡಿ ಕಟ್ಟಿದ್ದೆ. ಬಿಸಿಲಿಗೆ ಕಾದ ಹುಲ್ಲು ಅಲ್ಲಾಡಿದಾಗಲೆಲ್ಲ ಸೆನ್ಸರ್ ಪ್ರಾಣಿ ಅಂದುಕೊಂಡಿದೆ, ಪಾಪ.

ಈಗ ಹುಲ್ಲು ಸವರಿ, ಉತ್ತರಕ್ಕೆ ತಿರುಗಿಸಿ, ಸಿಲ್ವರ್ ಮರಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟಿದ್ದೇನೆ. ಹುಲಿ ಎಣಿಸುವವರು ಎದುರುಬದುರು ಎರಡು ಕಟ್ಟುತ್ತಾರೆ, ಎರಡೂ ಮಗ್ಗುಲಿನ ಪಟ್ಟೆ ಬೇರೆ ಬೇರೆ ಅಲ್ವಾ. ನಮಗೆ ಒಂದೇ ಜಾಸ್ತಿ.

ಅಷ್ಟು ಹುಲ್ಲಿನ ನಡುವೆ ಒಂದೇ ಒಂದು ಪುನುಗು ಬೆಕ್ಕು. ರಾತ್ರಿ 2.14. ನಾನು ದಿನಾ ಕೂತು ಕಾಫಿ ಕುಡಿಯುವ ಕಲ್ಲಿನ ಮೇಲೆ ಸುಮ್ನೆ ಕೂತಿದೆ. ಆ ಕಲ್ಲು ನನ್ನದು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.