ಭ್ರಷ್ಟನಿಗೆ ಠಕಾರವಿಲ್ಲ

ಕರಡು ತಿದ್ದುವ ಕೆಲಸದಲ್ಲಿ ನನ್ನ ಕೆಂಪು ಶಾಯಿ ಬಹಳವಾಗಿ ಖರ್ಚಾಗುವುದು ‘ಭ್ರಷ್ಠಾಚಾರ’ ಎಂಬ ತಪ್ಪಿನ ಮೇಲೆ. ಮೊನ್ನೆ ಒಂದೇ ಲೇಖನದಲ್ಲಿ ಆರು ಕಡೆ ಹಾಗಿತ್ತು. ಆರನ್ನೂ ತಿದ್ದುವಾಗ ಪಕ್ಕದ ಮೇಜಿನ ಹುಡುಗಿ ಕೇಳಿದಳು: “ಮೇಡಂ, ನಿಷ್ಠೆಗೆ ಠ ಒತ್ತು, ಪ್ರತಿಷ್ಠೆಗೂ ಠ ಒತ್ತು. ಇದಕ್ಕೇಕೆ ಟ?”

ಇದರ ಧಾತು ‘ಭ್ರಂಶ್’. ಪಾಣಿನೀಯ ಧಾತುಪಾಠ ಅದಕ್ಕೆ ಹೇಳುವ ಅರ್ಥ ಅಧಃಪತನ, ಅಂದರೆ ಕೆಳಗೆ ಬೀಳುವುದು. ‘ನಶ್’ ಧಾತುವಿನಿಂದ ನಷ್ಟ ಆದಂತೆಯೇ ಭ್ರಂಶ್‌ನಿಂದ ಭ್ರಷ್ಟ. ನಿಷ್ಠೆ, ಪ್ರತಿಷ್ಠೆಗಳ ಒಳಗಿರುವುದು ‘ಸ್ಥಾ’, ನಿಲ್ಲುವುದು. ಅದರ ಥಕಾರವೇ ಅಲ್ಲಿ ಠಕಾರವಾಗಿದೆ. ನಿಂತವರ ಅಕ್ಷರವನ್ನು ಬಿದ್ದವನಿಗೆ ಕೊಡಲು ನನ್ನ ಕೈ ಬರುವುದಿಲ್ಲ.

ಹಿಂದೆ, ಬಿದ್ದದ್ದು ಎಲ್ಲಿಂದ ಎಂಬುದನ್ನೂ ಪದದಲ್ಲೇ ಹೇಳುತ್ತಿದ್ದರು: ರಾಜ್ಯಭ್ರಷ್ಟ, ಆಚಾರಭ್ರಷ್ಟ. ಸ್ಥಾನಭ್ರಷ್ಟವಾದ ಹಲ್ಲು, ಕೂದಲು, ಉಗುರು, ಮನುಷ್ಯ ಶೋಭಿಸುವುದಿಲ್ಲ ಎಂದು ಒಂದು ಸುಭಾಷಿತವಿದೆ. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ನೋಡಿದಾಗಲೆಲ್ಲ ಅದು ನೆನಪಾಗುತ್ತದೆ. ಗೀತೆಯ ಆರನೆಯ ಅಧ್ಯಾಯದ ಯೋಗಭ್ರಷ್ಟನಿಗೆ ಮಾತ್ರ ಶುಚಿವಂತರ ಮನೆಯಲ್ಲಿ ಮತ್ತೆ ಹುಟ್ಟುವ ಅವಕಾಶವುಂಟು. ಈ ಪದಕ್ಕೆ ಅಷ್ಟು ಕರುಣೆ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ‘ಜಾತಿಭ್ರಷ್ಟ’ ಎಂಬುದನ್ನು ಓದಿದರೆ ಇಂದಿಗೂ ಸಿಟ್ಟು ಬರುತ್ತದೆ. ಸಮುದ್ರ ದಾಟಿದ್ದಕ್ಕೆ, ಯಾರದೋ ಜೊತೆ ಕುಳಿತು ಉಂಡದ್ದಕ್ಕೆ ಆ ಹೆಸರು ಹೊತ್ತವರು ಬಿದ್ದವರಲ್ಲ, ಇತರರು ತಳ್ಳಿದವರು.

ಈಗ ಭ್ರಷ್ಟಾಚಾರವೆಂದರೆ ಲಂಚ ಎಂದಷ್ಟೇ ಆಗಿಬಿಟ್ಟಿದೆ. ಲಂಚಕ್ಕೆ ಲಂಚ ಎಂಬ ಗಟ್ಟಿ ಪದವೇ ಇದೆಯಲ್ಲ! ಅದು ಕೈಯಿಂದ ಕೈಗೆ ದಾಟುವ ವಸ್ತು. ಭ್ರಷ್ಟತೆ ಮನುಷ್ಯನಿಗೇ ಆಗುವ ಸಂಗತಿ. ಒಂದು ಪೈಸೆ ಮುಟ್ಟದೆಯೂ ಆಗಬಹುದು. ಬುದ್ಧಿಭ್ರಂಶ ಎನ್ನುವಾಗಲೂ ಇದೇ ಧಾತು ಇದೆ, ಅಲ್ಲಿ ಹಣದ ಮಾತೇ ಇಲ್ಲ.

ಆ ಲೇಖನಕ್ಕೆ ಮರಳಿದೆ. ಐದು ಕಡೆ ಬರೆದದ್ದು ಹಣ ಪಡೆದವರ ಬಗ್ಗೆ. ಅಂಚಿನಲ್ಲಿ ‘ಲಂಚ ಎಂದರೆ ಸಾಕಲ್ಲವೇ?’ ಎಂದು ಲೇಖಕರಿಗೆ ಗುರುತು ಹಾಕಿದೆ. ಆರನೆಯದು ಏನನ್ನೂ ಪಡೆಯದೆ, ಸುಳ್ಳೆಂದು ತಿಳಿದೂ ವರದಿಗೆ ಸಹಿ ಮಾಡಿದ ಅಧಿಕಾರಿಯ ಕುರಿತಾಗಿತ್ತು. ಅಲ್ಲಿ ಪದವನ್ನು ಹಾಗೆಯೇ ಬಿಟ್ಟು, ಒತ್ತನ್ನು ಮಾತ್ರ ತಿದ್ದಿದೆ.